ಕೋಡಿಂಗ್, ವಿಡಿಯೊ ಎಡಿಟಿಂಗ್, ಕನ್ನಡ ಡಿಸೈನ್ ಮೂರಕ್ಕೂ ಒಂದೇ ಯಂತ್ರ: ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಈಗಿರುವ ಲ್ಯಾಪ್‌ಟಾಪ್ ಇಂಟೆಲ್ ಐ5 7ನೇ ತಲೆಮಾರಿನದು. 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ವಿಂಡೋಸ್ 10. ಕೆಲಸ ಮೂರು ಬಗೆಯದು: ಪೈಥಾನ್-ಜ್ಯಾಂಗೊದಲ್ಲಿ ವೆಬ್‌ಸೈಟ್, ಫೋನಿನಲ್ಲಿ ತೆಗೆದ 1080ಪಿ ವಿಡಿಯೊ ಎಡಿಟ್ ಮಾಡಿ ಕನ್ನಡ ಟೈಟಲ್ ಹಾಕುವುದು, ಫ್ಲೆಕ್ಸ್ ಮತ್ತು ಆಮಂತ್ರಣ ಪತ್ರಿಕೆಗಳ ಡಿಸೈನ್. ವಿಂಡೋಸ್ 11 ಹಾಕಲು ಹೋದರೆ ಪ್ರೊಸೆಸರ್‌ಗೆ ಬೆಂಬಲವಿಲ್ಲ ಎನ್ನುತ್ತದೆ. ಹೆಚ್ಚೆಂದರೆ 70 ಸಾವಿರ ಹಾಕಬಹುದು. ಲಿನಕ್ಸ್ ಹಾಕಿಕೊಂಡು ಇದರಲ್ಲೇ ಮುಂದುವರಿಯಲೇ, ಮ್ಯಾಕ್ ಮಿನಿ ಕೊಳ್ಳಲೇ, ಹೊಸ ವಿಂಡೋಸ್ ಲ್ಯಾಪ್‌ಟಾಪ್ ನೋಡಲೇ?

ಹೊಂಗೆಮರ:
ಮೊದಲು ಕೋಡಿಂಗ್ ಅನ್ನು ಈ ಲೆಕ್ಕದಿಂದ ತೆಗೆದುಬಿಡಿ. ಜ್ಯಾಂಗೊ, ಪೋಸ್ಟ್‌ಗ್ರೆಸ್, ಗಿಟ್, ವಿಎಸ್ ಕೋಡ್ ಮೂರೂ ಕಡೆ ಓಡುತ್ತವೆ. ಐಫೋನ್ ಆ್ಯಪ್ ಬರೆಯುವವರಿಗೆ ಎಕ್ಸ್‌ಕೋಡ್ ಬೇಕು, ಅದಕ್ಕೆ ಮ್ಯಾಕ್ ಬಿಟ್ಟು ದಾರಿಯಿಲ್ಲ. ನಿಮಗೆ ಆ ತೊಡಕಿಲ್ಲ. ತೀರ್ಮಾನ ಮಾಡಬೇಕಾದ್ದು ಬದಲಿ ಇಲ್ಲದ ಕೆಲಸವನ್ನು ನೋಡಿ. ಪ್ರಿಂಟಿಂಗ್ ಪ್ರೆಸ್‌ನವರು ಯಾವ ಫೈಲ್ ಕೇಳುತ್ತಾರೆ? ಇನ್ನೊಬ್ಬರು ಕಳಿಸಿದ ಪಿಎಸ್‌ಡಿ (ಫೋಟೊಶಾಪ್), ಸಿಡಿಆರ್ (ಕೋರೆಲ್‌ಡ್ರಾ) ಫೈಲ್ ತೆರೆದು ತಿದ್ದಬೇಕಾಗುತ್ತದೆಯೆ? ಅಡೋಬಿಯ ಫೋಟೊಶಾಪ್, ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್ ಲಿನಕ್ಸ್‌ಗೆ ಇಲ್ಲ. ಕೋರೆಲ್‌ಡ್ರಾ ಕೂಡ ಇಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದದ್ದು ತಾನಾಗಿ ಬಗೆಹರಿಯುತ್ತದೆ.

ಎರಡನೆಯದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಕೊಟ್ಟಿರುವ ಹೆಚ್ಚುವರಿ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗಿನದು. 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು, ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ನಂಬಿಕಸ್ಥ ಓಎಸ್ ಮಾತ್ರ ಏಳಲು ಬಿಡುವ ವ್ಯವಸ್ಥೆ) ಬೇಕು. ಈ ತಪಾಸಣೆ ತಪ್ಪಿಸಿ 11 ಹಾಕುವ ದಾರಿಗಳು ಯೂಟ್ಯೂಬ್ ತುಂಬ ಇವೆ. ಹಾಕಿದ ಮೇಲೆ ದೊಡ್ಡ ಅಪ್‌ಡೇಟ್‌ಗಳು ಬರುತ್ತವೆ ಎಂಬ ಖಾತರಿ ಯಾರೂ ಕೊಡುವುದಿಲ್ಲ, ದುಡಿಮೆಯ ಯಂತ್ರಕ್ಕೆ ಅದು ಬೇಡ.

ಯಾವ ಓಎಸ್ ಆದರೂ ಸರಿ, ಹಾರ್ಡ್ ಡಿಸ್ಕ್ ತೆಗೆಸಿ. ನಿಮ್ಮ ಯಂತ್ರ ತೆವಳುತ್ತಿದ್ದರೆ ಕಾರಣ ಪ್ರೊಸೆಸರ್‌ಗಿಂತ ಅದೇ. ಹಿಂಬದಿ ಮುಚ್ಚಳ ತೆಗೆದು ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ) ಇದೆಯೇ ನೋಡಿ. ಇದ್ದರೆ ಅದು ವೇಗದ ಎನ್‌ವಿಎಂಇ ತೆಗೆದುಕೊಳ್ಳುತ್ತದೋ ನಿಧಾನದ ಸಾಟಾ ಮಾತ್ರವೋ ಮ್ಯಾನ್ಯುಯಲ್‌ನಲ್ಲಿ ಖಚಿತಮಾಡಿಕೊಂಡೇ ಎಸ್‌ಎಸ್‌ಡಿ ಕೊಳ್ಳಿ. ಎರಡೂ ಹೊರನೋಟಕ್ಕೆ ಒಂದೇ ಥರ ಇರುತ್ತವೆ. ರ‍್ಯಾಮ್ ಸ್ಲಾಟ್ ಇನ್ನೊಂದು ಖಾಲಿ ಇದ್ದರೆ 8 ಜಿಬಿ ಡಿಡಿಆರ್4 ಸೇರಿಸಿ 16 ಮಾಡಿ.

ಬಯಲುಸೀಮೆ:
ನನ್ನ ಓಟು ಲಿನಕ್ಸ್‌ಗೆ. ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಮಿಂಟ್ 22 ಹಾಕಿ. ಉಬುಂಟು 24.04 ಆಧಾರದ್ದು, 2029ರವರೆಗೆ ಅಪ್‌ಡೇಟ್ ಇದೆ. ನಿಮ್ಮ ವೆಬ್‌ಸೈಟ್ ಕೊನೆಗೆ ಓಡುವುದು ಲಿನಕ್ಸ್ ಸರ್ವರ್ ಮೇಲೆಯೇ ತಾನೆ? ಬರೆಯುವ ಜಾಗವೂ ಅದೇ ಆದರೆ ಒಂದು ಜಾತಿಯ ತಪ್ಪುಗಳು ಹುಟ್ಟುವುದೇ ಇಲ್ಲ. ವಿಂಡೋಸ್, ಮ್ಯಾಕ್ ಎರಡರಲ್ಲೂ ಫೈಲ್ ಹೆಸರಿನ ದೊಡ್ಡಕ್ಷರ-ಚಿಕ್ಕಕ್ಷರ ಭೇದ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಲೋಗೊ ಫೈಲ್‌ನ ಮೊದಲ ಅಕ್ಷರ ಡಿಸ್ಕ್‌ನಲ್ಲಿ ದೊಡ್ಡದು, ಟೆಂಪ್ಲೇಟ್‌ನಲ್ಲಿ ಚಿಕ್ಕದು ಎಂದಿಟ್ಟುಕೊಳ್ಳಿ. ನಿಮ್ಮಲ್ಲಿ ಚಿತ್ರ ಕಾಣುತ್ತದೆ, ಸರ್ವರ್‌ಗೆ ಏರಿಸಿದ ಕೂಡಲೇ 404. ಆಮೇಲೆ ಹೆಸರು ಸರಿಮಾಡಿದರೂ ಗಿಟ್‌ಗೆ ಬದಲಾವಣೆ ಕಾಣದೇ ಇರಬಹುದು. ಗಿಟ್‌ನ ಎಂವಿ ಆದೇಶದಿಂದಲೇ ಹೆಸರು ಬದಲಿಸಬೇಕು.

ಇನ್ನೊಂದು, ಸಾಲಿನ ಕೊನೆಯ ಗುರುತು. ವಿಂಡೋಸ್‌ನಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟ್‌ನ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಕೂತಿರುತ್ತದೆ. ಡಾಕರ್ (ತಂತ್ರಾಂಶವನ್ನು ಅದರ ಪರಿಸರದ ಸಮೇತ ಕಟ್ಟಿ ಓಡಿಸುವ ಉಪಕರಣ) ಒಳಗೆ ಆ ಸ್ಕ್ರಿಪ್ಟ್ ಓಡಿಸಿದರೆ ಫೈಲ್ ಕಣ್ಣೆದುರೇ ಇದ್ದರೂ ಫೈಲ್ ಸಿಗಲಿಲ್ಲ ಎನ್ನುತ್ತದೆ. ಪ್ರಾಜೆಕ್ಟ್‌ನಲ್ಲಿ ಗಿಟ್ ಆ್ಯಟ್ರಿಬ್ಯೂಟ್ಸ್ ಫೈಲ್ ಇಟ್ಟು ಶೆಲ್ ಸ್ಕ್ರಿಪ್ಟ್‌ಗಳಿಗೆಲ್ಲ ಎಲ್‌ಎಫ್ (ಲಿನಕ್ಸ್ ಬಗೆಯ ಸಾಲುಕೊನೆ ಗುರುತು) ಕಡ್ಡಾಯ ಮಾಡಿದರೆ ಪರಿಹಾರ.

ವಿಡಿಯೊಗೆ ಕೆಡೆನ್‌ಲೈವ್ ಎಂಬ ಎಡಿಟರ್. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿ, 1000 ಪಿಕ್ಸೆಲ್‌ಗಿಂತ ಅಗಲವಿರುವ ಕ್ಲಿಪ್‌ಗಳಿಗೆಲ್ಲ 640 ಅಗಲದ ಹಗುರ ಪ್ರತಿ ತಾನಾಗಿ ತಯಾರಾಗಲಿ. ಎಡಿಟ್ ಅದರ ಮೇಲೆ, ಕೊನೆಯ ರೆಂಡರ್ ಮೂಲ ಫೈಲ್‌ನಿಂದ. ಫೋನ್ ವಿಡಿಯೊಗಳ ಫ್ರೇಮ್ ರೇಟ್ ಸ್ಥಿರವಾಗಿರುವುದಿಲ್ಲ, ಬೆಳಕು ಕಡಿಮೆಯಾದರೆ ಸೆಕೆಂಡಿಗೆ 30ರಿಂದ ಕೆಳಗಿಳಿಯುತ್ತದೆ. ಹಾಗೇ ಎಡಿಟ್ ಮಾಡಿದರೆ ಹತ್ತು ನಿಮಿಷದ ಕ್ಲಿಪ್‌ನ ಕೊನೆಗೆ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗುತ್ತದೆ. ಕೆಡೆನ್‌ಲೈವ್ ಇದನ್ನು ಗುರುತಿಸಿ ಪರಿವರ್ತಿಸಲೇ ಎಂದು ಕೇಳುತ್ತದೆ, ಹೂಂ ಅನ್ನಿ.

ಪಡುವಣ_ಕಲರ್:
ಬಯಲುಸೀಮೆ ಅವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ಏಕೆಂದರೆ ಲಿನಕ್ಸ್‌ಗೆ ಬಂದವರು ಮುಂದೆ ಡಾವಿಂಚಿ ರಿಸಾಲ್ವ್ (ವಿಡಿಯೊ ಎಡಿಟ್ ಮಾಡಿ ಬಣ್ಣ ತಿದ್ದುವ ತಂತ್ರಾಂಶ) ಹಾಕಿಕೊಳ್ಳೋಣ ಅಂದುಕೊಂಡೇ ಬರುತ್ತಾರೆ. ಲಿನಕ್ಸ್‌ನ ಉಚಿತ ರಿಸಾಲ್ವ್ ಎಚ್.264, ಎಚ್.265 ಎಂಬ ವಿಡಿಯೊ ಸಂಕೋಚನ ಬಗೆಗಳನ್ನು ಓದುವುದಿಲ್ಲ. ಫೋನಿನ ಎಂಪಿ4 ಬಹುತೇಕ ಇವೆರಡರಲ್ಲೇ ಇರುವುದು. ಟೈಮ್‌ಲೈನ್‌ಗೆ ಎಳೆದರೆ ಚಿತ್ರವೇ ಬರುವುದಿಲ್ಲ. ದುಡ್ಡು ಕೊಟ್ಟು ಸ್ಟುಡಿಯೊ ಆವೃತ್ತಿ ಕೊಂಡರೆ ಚಿತ್ರ ಬರುತ್ತದೆ, ಆದರೆ ಎಎಸಿ (ಫೋನ್ ವಿಡಿಯೊಗಳ ಧ್ವನಿ ಬಗೆ) ಧ್ವನಿಯ ತೊಂದರೆ ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಹಾಗೇ ಉಳಿದುಕೊಂಡಿದೆ. ವಿಂಡೋಸ್, ಮ್ಯಾಕ್‌ನ ಉಚಿತ ಆವೃತ್ತಿಯಲ್ಲಿ ಇದೇ ಫೈಲ್ ನೇರವಾಗಿ ತೆರೆಯುತ್ತದೆ.

ದಾರಿ ಇದೆ, ಜಾಗ ಬೇಕು. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದಲ್ಲಿ ವಿಡಿಯೊವನ್ನು ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂ ಪ್ರೊಫೈಲ್‌ಗೆ, ಪಿಕ್ಸೆಲ್ ಫಾರ್ಮ್ಯಾಟ್ 8 ಬಿಟ್ 4:2:2ಗೆ, ಧ್ವನಿಯನ್ನು 16 ಬಿಟ್ ಪಿಸಿಎಂಗೆ ಬದಲಿಸಿ ಎಂಒವಿ ಫೈಲ್ ಮಾಡಿಕೊಳ್ಳಬೇಕು. ಪಿಕ್ಸೆಲ್ ಫಾರ್ಮ್ಯಾಟ್ ಹೇಳದೇ ಬಿಟ್ಟರೆ ಎಫ್‌ಎಫ್‌ಎಂಪೆಗ್ ತಕರಾರು ತೆಗೆದು ನಿಂತುಬಿಡಬಹುದು. 1080ಪಿ, ಸೆಕೆಂಡಿಗೆ 30 ಫ್ರೇಮ್ ಆದರೆ ಸುಮಾರು 220 ಮೆಗಾಬಿಟ್, ಅಂದರೆ ಹತ್ತು ನಿಮಿಷಕ್ಕೆ 16 ಜಿಬಿ ಹತ್ತಿರ. ಅದೇ ಕ್ಲಿಪ್ ಫೋನಿನಲ್ಲಿ ಒಂದೂವರೆ ಜಿಬಿ ಆಸುಪಾಸು ಇರುತ್ತದೆ. 256 ಜಿಬಿ ಎಸ್‌ಎಸ್‌ಡಿಯಲ್ಲಿ ಇದು ಎಷ್ಟು ದಿನ ನಡೆದೀತು ನೀವೇ ಲೆಕ್ಕ ಹಾಕಿ.

ನಿಮ್ಮ ಈಗಿನ ಲ್ಯಾಪ್‌ಟಾಪ್‌ಗೆ ರಿಸಾಲ್ವ್ ಯೋಚನೆಯೇ ಬೇಡ. ಅದು ಎಲ್ಲ ಕೆಲಸವನ್ನೂ ಗ್ರಾಫಿಕ್ಸ್ ಕಾರ್ಡ್ ಮೇಲೆ ಹೇರುತ್ತದೆ, ಲಿನಕ್ಸ್‌ನಲ್ಲಂತೂ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಸಾಲದು. ಬಣ್ಣ ತಿದ್ದುವ ಕೆಲಸ ಗಂಭೀರವಾಗಿ ಮಾಡುವವರಾದರೆ ಮ್ಯಾಕ್ ಮಿನಿ ಎಂ4. 2024ರಲ್ಲಿ ಬಂದಾಗ 16 ಜಿಬಿ–256 ಜಿಬಿ ಮಾದರಿಗೆ 59,900 ರೂಪಾಯಿ ಇತ್ತು. ಎಚ್.264, ಎಚ್.265, ಪ್ರೋರೆಸ್ ಮೂರಕ್ಕೂ ಚಿಪ್‌ನಲ್ಲೇ ಪ್ರತ್ಯೇಕ ಎಂಜಿನ್ ಇದೆ. ಇಷ್ಟು ದುಡ್ಡಿಗೆ ಇಷ್ಟು ಸರಾಗವಾಗಿ ಟೈಮ್‌ಲೈನ್ ಓಡಿಸುವ ಯಂತ್ರ ಬೇರೆ ಸಿಗುವುದು ಕಷ್ಟ.

ಬಯಲುಸೀಮೆ:
ಮಾನಿಟರ್, ಕೀಬೋರ್ಡ್, ಮೌಸ್ ಆ ಬೆಲೆಯಲ್ಲಿ ಇಲ್ಲ ಸರ್. ರ‍್ಯಾಮ್ ಚಿಪ್ ಜೊತೆಗೇ ಬರುವುದರಿಂದ ಆಮೇಲೆ ಹೆಚ್ಚಿಸುವ ಮಾತೇ ಇಲ್ಲ. ಡಾಕರ್ ಮ್ಯಾಕ್‌ನಲ್ಲೂ ಲಿನಕ್ಸ್ ವರ್ಚುವಲ್ ಯಂತ್ರದೊಳಗೇ ಓಡುವುದು. ಸರ್ವರ್ ಇಂಟೆಲ್-ಎಎಂಡಿ ಮೇಲಿದ್ದರೆ ಇಮೇಜ್ ಕಟ್ಟುವಾಗ ಪ್ಲಾಟ್‌ಫಾರ್ಮ್ ಯಾವುದೆಂದು ಹೇಳಬೇಕು. ಮರೆತರೆ ಮ್ಯಾಕ್ ಚಿಪ್‌ನ ಎಆರ್‌ಎಂ ಬಗೆಯ ಇಮೇಜ್ ತಯಾರಾಗಿ, ಸರ್ವರ್‌ನಲ್ಲಿ ಏಳುವುದೇ ಇಲ್ಲ. ಮ್ಯಾಕ್‌ನ ಟರ್ಮಿನಲ್‌ನಲ್ಲೂ ಸಣ್ಣಪುಟ್ಟ ಭೇದಗಳು: ಬ್ಯಾಶ್ (ಆದೇಶ ಓಡಿಸುವ ಶೆಲ್) ಇನ್ನೂ 3.2 ಆವೃತ್ತಿಯದು, ಸೆಡ್ (ಪಠ್ಯ ತಿದ್ದುವ ಆದೇಶ) ಬಿಎಸ್‌ಡಿಯದು, ಹಾಗಾಗಿ ಲಿನಕ್ಸ್‌ಗೆ ಬರೆದ ಸ್ಕ್ರಿಪ್ಟ್ ಅಲ್ಲಲ್ಲಿ ಮುಗ್ಗರಿಸುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿನ್ಯಾಸದ ಹೊರಡಿಸ್ಕ್ ಹಾಕಿದರೆ ಓದಬಹುದಷ್ಟೆ, ಬರೆಯಲು ಬರುವುದಿಲ್ಲ.

ಪಡುವಣ_ಕಲರ್:
ಒಪ್ಪುತ್ತೇನೆ, ಆದರೆ ಅವೆಲ್ಲ ಒಮ್ಮೆ ಕಲಿತು ಮುಗಿಸುವ ವಿಷಯಗಳು. ಟೈಮ್‌ಲೈನ್ ತಡವರಿಸುವುದು ದಿನವೂ ಅನುಭವಿಸುವ ಕಷ್ಟ. ಒಂದು ಮಾತು ಮಾತ್ರ ಖಂಡಿತ: ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಇಂಟೆಲ್ ಮ್ಯಾಕ್ ಕೊಳ್ಳಬೇಡಿ. ಮ್ಯಾಕ್‌ಓಎಸ್ 26 ಟಾಹೋ ಇಂಟೆಲ್‌ಗೆ ಕೊನೆಯದು ಎಂದು ಆ್ಯಪಲ್ 2025ರಲ್ಲೇ ಹೇಳಿಯಾಗಿದೆ.

ತುಂಗಾತೀರ:
ತುಂಬ ಉಪಯೋಗವಾಯಿತು. ಪ್ರೆಸ್‌ನವರು ಕೋರೆಲ್ ಫೈಲ್ ಕೇಳುತ್ತಾರೆ, ಪಿಡಿಎಫ್ ಕೊಟ್ಟರೂ ತೆಗೆದುಕೊಳ್ಳುತ್ತಾರೆ. ಯೂನಿಕೋಡ್ ಕಳಿಸಿದರೆ ಅಕ್ಷರ ಒಡೆಯುತ್ತದೆ ಎನ್ನುತ್ತಾರೆ. ಹೊಸ ವಿಂಡೋಸ್ 11 ಯಂತ್ರ ಕೊಂಡು ಒಳಗೆ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡರೆ ಲಿನಕ್ಸ್ ಕೊರತೆ ನೀಗುತ್ತದೆಯೆ?

ಹೊಂಗೆಮರ:
ಕೋಡಿಂಗ್ ಮಟ್ಟಿಗೆ ಚೆನ್ನಾಗಿಯೇ ನೀಗುತ್ತದೆ, ಒಂದು ನಿಯಮ ಪಾಲಿಸಿದರೆ: ಪ್ರಾಜೆಕ್ಟ್ ಫೋಲ್ಡರ್ ಲಿನಕ್ಸ್‌ನ ಹೋಮ್ ಒಳಗೇ ಇರಬೇಕು. ಡಬ್ಲ್ಯೂಎಸ್‌ಎಲ್ 2 ನಿಜವಾದ ಲಿನಕ್ಸ್ ಕರ್ನೆಲ್ ಅನ್ನು ಪುಟ್ಟ ವರ್ಚುವಲ್ ಯಂತ್ರದಲ್ಲಿ ಓಡಿಸುತ್ತದೆ. ಅದರ ಸ್ವಂತ ಡಿಸ್ಕ್ ಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್ ವ್ಯವಸ್ಥೆಯದು, ಬಹಳ ವೇಗ. ಸಿ ಡ್ರೈವ್‌ನಲ್ಲಿರುವ ಫೈಲ್ ಮುಟ್ಟಬೇಕಾದರೆ ಪ್ರತಿಯೊಂದು ಕೋರಿಕೆಯೂ ನಡುವಿನ ಗಡಿ ದಾಟಿ ಹೋಗಿಬರಬೇಕು. ಸಾವಿರಾರು ಸಣ್ಣ ಫೈಲ್‌ಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಲ್ಲಿಟ್ಟರೆ ಇನ್‌ಸ್ಟಾಲ್, ಗಿಟ್ ಸ್ಟೇಟಸ್ ಎರಡೂ ತೆವಳುತ್ತವೆ. ಜೊತೆಗೆ ಫೈಲ್ ಬದಲಾದ ಸುದ್ದಿ ಗಡಿಯಾಚೆ ತಲುಪದು. ಹಾಗಾಗಿ ವೀಟ್‌ನಂಥ ವೆಬ್ ಉಪಕರಣಗಳು ಉಳಿಸಿದ ಕೂಡಲೇ ಪುಟ ತಾಜಾ ಮಾಡುವುದನ್ನೇ ನಿಲ್ಲಿಸುತ್ತವೆ. ಏನು ಕೆಟ್ಟಿತೆಂದು ಕೋಡ್‌ನಲ್ಲಿ ಹುಡುಕುತ್ತ ಕೂರುವವರೇ ಹೆಚ್ಚು.

ರ‍್ಯಾಮ್ ಅರ್ಧದಷ್ಟನ್ನು ಡಬ್ಲ್ಯೂಎಸ್‌ಎಲ್ ತೆಗೆದುಕೊಳ್ಳಬಹುದು. 16 ಜಿಬಿ ಯಂತ್ರದಲ್ಲಿ ಪಕ್ಕದಲ್ಲೇ ಪ್ರೀಮಿಯರ್ ಓಡಬೇಕಾದರೆ ಡಬ್ಲ್ಯೂಎಸ್‌ಎಲ್ ಕಾನ್ಫಿಗ್ ಫೈಲ್‌ನಲ್ಲಿ ಮೆಮೊರಿ 4 ಜಿಬಿಗೆ ಕಟ್ಟಿಹಾಕಿ, ಶಟ್‌ಡೌನ್ ಕೊಟ್ಟು ಮತ್ತೆ ತೆರೆಯಿರಿ. ಅದರ ವರ್ಚುವಲ್ ಡಿಸ್ಕ್ ಫೈಲ್ ಬೆಳೆಯುತ್ತಲೇ ಹೋಗುತ್ತದೆ, ಡಾಕರ್ ಇಮೇಜ್ ಅಳಿಸಿದರೂ ಕುಗ್ಗುವುದಿಲ್ಲ. ಡಬ್ಲ್ಯೂಎಸ್‌ಎಲ್ ನಿಲ್ಲಿಸಿ ಡಿಸ್ಕ್‌ಪಾರ್ಟ್‌ನಲ್ಲಿ ಆ ಫೈಲ್ ಆರಿಸಿ ಕಾಂಪ್ಯಾಕ್ಟ್ ಮಾಡಿದರೆ ಜಾಗ ವಾಪಸ್ ಬರುತ್ತದೆ. ಇನ್‌ಸ್ಟಾಲ್ ಹಂತದಲ್ಲೇ ದೋಷ ತೋರಿದರೆ ಮೊದಲು ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇದೆಯೇ ನೋಡಿ.

ಅಚ್ಚುಮೊಳೆ:
ಪ್ರೆಸ್ ವಿಷಯ ಬಂದದ್ದು ಒಳ್ಳೆಯದಾಯಿತು. ಕನ್ನಡದಲ್ಲಿ ಡಿಸೈನ್ ಮಾಡುವವರಿಗೆ ಓಎಸ್ ಆಯ್ಕೆಗಿಂತ ದೊಡ್ಡ ಪ್ರಶ್ನೆ ಅದೇ. ಯಾವುದೇ ತಂತ್ರಾಂಶ ಕೊಳ್ಳುವ ಮುಂಚೆ ಟ್ರಯಲ್‌ನಲ್ಲಿ ಈ ಪದಗಳನ್ನು ಬರೆದು ನೋಡಿ: ಸ್ವಾತಂತ್ರ್ಯ, ರಾಷ್ಟ್ರೀಯ, ಅರ್ಥ, ಕೈಂಕರ್ಯ, ಸಾಫ್ಟ್‌ವೇರ್. ಮೊದಲೆರಡರಲ್ಲಿ ಒತ್ತಿನ ಕೆಳಗೆ ಒತ್ತು ಸರಿಯಾಗಿ ಕೂರಬೇಕು, ನಡುವಿನೆರಡರಲ್ಲಿ ಅರ್ಕಾವತ್ತು ಅಕ್ಷರದ ಬಲಕ್ಕೆ ಬರಬೇಕು, ಕೊನೆಯದರಲ್ಲಿ ಟಕಾರದ ಕೆಳಗೆ ವಕಾರದ ಒತ್ತು ಬರಕೂಡದು. ಐದೂ ಪಾಸಾದರೆ ಆ ತಂತ್ರಾಂಶವನ್ನು ನಂಬಬಹುದು.

ಲಿನಕ್ಸ್‌ನ ಇಂಕ್‌ಸ್ಕೇಪ್ (ಡಿಸೈನ್), ಜಿಂಪ್ (ಚಿತ್ರ ತಿದ್ದುವಿಕೆ), ಕೆಡೆನ್‌ಲೈವ್ ಎಲ್ಲವೂ ಹಾರ್ಫ್‌ಬಜ್ ಮೂಲಕ ಅಕ್ಷರ ಜೋಡಿಸುವುದರಿಂದ ಕನ್ನಡ ತಾನಾಗಿ ಸರಿ ಬರುತ್ತದೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಹಾಗಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸದಿದ್ದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಆರಿಸಿದ ಮೇಲೂ ಹಳೆಯ ಟೆಕ್ಸ್ಟ್ ಲೇಯರ್‌ಗಳು ತಾವಾಗಿ ಬದಲಾಗುವುದಿಲ್ಲ, ಪ್ಯಾರಾಗ್ರಾಫ್ ಪ್ಯಾನೆಲ್‌ನಿಂದ ಅವುಗಳ ಕಂಪೋಸರ್ ಬದಲಿಸಬೇಕು. ಇನ್‌ಡಿಸೈನ್‌ನಲ್ಲೂ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಇದೆ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಒಳಗೆ ಸೌತ್ ಏಷ್ಯನ್ ಆಯ್ಕೆ. ವಿಡಿಯೊ ತಂತ್ರಾಂಶ ಏನು ಮಾಡಿದರೂ ಒತ್ತು ಕೂರಿಸದಿದ್ದರೆ ಟೈಟಲ್ಲನ್ನು ಇಂಕ್‌ಸ್ಕೇಪ್‌ನಲ್ಲಿ 1920×1080 ಅಳತೆಗೆ ಮಾಡಿ, ಹಿನ್ನೆಲೆ ಪಾರದರ್ಶಕವಾಗಿಟ್ಟು ಪಿಎನ್‌ಜಿ ತೆಗೆದು ಟೈಮ್‌ಲೈನ್ ಮೇಲೆ ಇಡಿ.

ಈಗ ನಿಮ್ಮ ಪ್ರೆಸ್. ನಮ್ಮ ಕಡೆಯ ಎಷ್ಟೋ ಡಿಟಿಪಿ ಅಂಗಡಿಗಳು ಇಂದಿಗೂ ಕೋರೆಲ್‌ಡ್ರಾ, ಪೇಜ್‌ಮೇಕರ್‌ಗಳ ಹಳೆಯ ಆವೃತ್ತಿಯಲ್ಲಿ ನುಡಿ, ಶ್ರೀಲಿಪಿಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕಾರ ಕೂರಿಸಿದ ಹಳೆಯ ಬಗೆಯದು) ಇಟ್ಟುಕೊಂಡು ದುಡಿಯುತ್ತಿವೆ. ಅವುಗಳಿಗೆ ಯೂನಿಕೋಡ್ ಕನ್ನಡ ಜೋಡಿಸಲು ಬರುವುದಿಲ್ಲ. ಅಂಗಡಿಯವರನ್ನು ಬದಲಾಯಿಸುವ ಬದಲು ಅಕ್ಷರವನ್ನೇ ಆಕಾರ ಮಾಡಿ ಕೊಡಿ. ಇಂಕ್‌ಸ್ಕೇಪ್‌ನಲ್ಲಿ ಎಲ್ಲ ಆರಿಸಿ ಶಿಫ್ಟ್-ಕಂಟ್ರೋಲ್-ಸಿ ಒತ್ತಿದರೆ ಪಠ್ಯ ಪಾತ್ (ಗೆರೆಗಳ ಆಕಾರ) ಆಗುತ್ತದೆ, ಆಮೇಲೆ ಯಾವ ಫಾಂಟೂ ಬೇಡ. ಒತ್ತುವ ಮುಂಚೆ ಮೂಲ ಎಸ್‌ವಿಜಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಆಮಂತ್ರಣದ ಮುಹೂರ್ತದ ವೇಳೆ ಕೊನೆ ಗಳಿಗೆಯಲ್ಲಿ ಬದಲಾದರೆ ಪಾತ್ ಫೈಲ್‌ನಲ್ಲಿ ತಿದ್ದಲಾಗದು.

ಆಫ್‌ಸೆಟ್‌ಗೆ ಕೊಡುವ ಆಮಂತ್ರಣದಲ್ಲಿ ಕಪ್ಪು ಅಕ್ಷರದ ಬಗ್ಗೆ ತುಂಬ ಜಾಗ್ರತೆ ಬೇಕು. ಇಂಕ್‌ಸ್ಕೇಪ್ ಕೊಡುವುದು ಆರ್‌ಜಿಬಿ (ಪರದೆಯ ಬಣ್ಣ ಪದ್ಧತಿ) ಪಿಡಿಎಫ್. ಅದರ ಶುದ್ಧ ಕಪ್ಪು ಸಿಎಂವೈಕೆಗೆ (ಮುದ್ರಣದ ಸಯನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳು) ಹೋಗುವಾಗ ನಾಲ್ಕೂ ಶಾಯಿಗೆ ಹಂಚಿಹೋಗುತ್ತದೆ. ಅಮೆರಿಕದ ಸ್ವಾಪ್ ಪ್ರೊಫೈಲ್‌ನಲ್ಲಿ ಸಿ 75, ಎಂ 68, ವೈ 67, ಕೆ 90 ಆಗುತ್ತದೆ, ಒಟ್ಟು ಶೇಕಡಾ 300. ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಸರಿದರೂ 9 ಪಾಯಿಂಟ್ ಅಕ್ಷರದ ಒತ್ತಿನ ಸುತ್ತ ಕೆಂಪು-ನೀಲಿ ಅಂಚು ಕಾಣುತ್ತದೆ. ಕನ್ನಡದ ಒತ್ತುಗಳು ಮುಖ್ಯ ಅಕ್ಷರಕ್ಕಿಂತ ಚಿಕ್ಕವು, ಒಳಗಿನ ಬಿಳಿ ಕಿಂಡಿಗಳು ಇನ್ನೂ ಚಿಕ್ಕವು. ಶಾಯಿ ತುಂಬಿಕೊಂಡು ಮಸಿಯಾಗುವುದು ಅಲ್ಲೇ ಮೊದಲು. ಅದಕ್ಕೆ ಪಠ್ಯದ ಕೆಲಸವನ್ನು ಸ್ಕ್ರೈಬಸ್ 1.6 ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಮಾಡಿ. ಕನ್ನಡ ಸರಿ ಜೋಡಿಸುತ್ತದೆ, ಕೆ 100 ಮಾತ್ರ ಇರುವ ಕಪ್ಪು ಕೊಡಬಹುದು. ಪಿಡಿಎಫ್ ತೆಗೆಯುವಾಗ ಔಟ್‌ಪುಟ್ ಪ್ರಿಂಟರ್‌ಗೆ ಎಂದು ಆರಿಸಿ, ಫಾಂಟ್‌ಗಳನ್ನೆಲ್ಲ ಔಟ್‌ಲೈನ್ ಮಾಡಿ.

ಫ್ಲೆಕ್ಸ್‌ಗೆ ಇಷ್ಟು ಸೂಕ್ಷ್ಮ ಬೇಕಿಲ್ಲ. 10×8 ಅಡಿಯ ಫ್ಲೆಕ್ಸ್‌ಗೆ ನಿಜ ಅಳತೆಯಲ್ಲಿ 72 ಡಿಪಿಐ ಸಾಕು: 8640×6912 ಪಿಕ್ಸೆಲ್. 300 ಡಿಪಿಐ ಇಟ್ಟು ಯಂತ್ರ ಉಸಿರುಕಟ್ಟಿಸಬೇಡಿ. ಕ್ರಿಟಾ ಎಂಬ ಚಿತ್ರ ತಂತ್ರಾಂಶದಲ್ಲಿ ಸಿಎಂವೈಕೆ ಫೈಲ್ ತೆರೆದು ಟಿಫ್ ತೆಗೆದರೆ ಸಂಕುಚಿಸದ ಸ್ಥಿತಿಯಲ್ಲಿ 240 ಎಂಬಿ ಆಸುಪಾಸು. ಟಿಫ್ ಬರೀ ಚಿತ್ರ, ಅದರಲ್ಲಿ ಅಕ್ಷರ ಒಡೆಯುವ ಪ್ರಶ್ನೆಯೇ ಬರುವುದಿಲ್ಲ.

ತುಂಗಾತೀರ:
ಅಚ್ಚುಮೊಳೆ ಸರ್, ಅನಂತ ಧನ್ಯವಾದ. ಹಾಗಾದರೆ ಪ್ರೆಸ್‌ಗಾಗಿ ವಿಂಡೋಸ್ ಬೇಕೇಬೇಕು ಎಂದೇನಿಲ್ಲ. ಆದರೆ ಹಳೆಯ ಗಿರಾಕಿಗಳ ಸಿಡಿಆರ್ ಫೈಲ್‌ಗಳು ನುಡಿ ಫಾಂಟ್‌ನಲ್ಲಿವೆ, ಅವನ್ನು ವರ್ಷಕ್ಕೊಮ್ಮೆ ತೆರೆದು ಇಸವಿ ಬದಲಿಸಿ ಕೊಡಬೇಕಾಗುತ್ತದೆ.

ಅಚ್ಚುಮೊಳೆ:
ಅದಕ್ಕೆ ಈಗಿರುವ ವಿಂಡೋಸ್ 10 ಡಿಸ್ಕ್ ಅನ್ನೇ ಉಳಿಸಿಕೊಳ್ಳಿ. ಇಂಟರ್ನೆಟ್‌ಗೆ ಜೋಡಿಸದೆ ಕೋರೆಲ್ ತೆರೆಯಲು ಮಾತ್ರ ಬಳಸಿ. ಇಂಕ್‌ಸ್ಕೇಪ್ ಸಿಡಿಆರ್ ತೆರೆಯುತ್ತದೆಯಾದರೂ ಗ್ರೇಡಿಯಂಟ್, ನೆರಳುಗಳು ಬಿದ್ದುಹೋಗುತ್ತವೆ. ಪ್ರತಿ ಫೈಲ್ ತೆರೆದಾಗಲೂ ಪಠ್ಯವನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ ಪಕ್ಕಕ್ಕಿಟ್ಟುಕೊಳ್ಳುತ್ತ ಬನ್ನಿ. ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಾರೆ ಓದಿ ನೋಡಬೇಕು, ತಪ್ಪು ನುಸುಳುವುದು ಅಲ್ಲೇ.

ಬಯಲುಸೀಮೆ:
ಹಾಗಾದರೆ ಎರಡು ಡಿಸ್ಕ್, ಎರಡು ಓಎಸ್. ಒಂದೇ ಡಿಸ್ಕ್ ಕತ್ತರಿಸಿ ಹಂಚುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಆದರೆ ಮಿಂಟ್ ಇನ್‌ಸ್ಟಾಲರ್‌ಗೆ ಒಂದು ಕೆಟ್ಟ ಚಾಳಿ ಇದೆ. ಎಸ್‌ಎಸ್‌ಡಿ ಆರಿಸಿದರೂ ಬೂಟ್‌ಲೋಡರ್ (ಓಎಸ್ ಎಬ್ಬಿಸುವ ತಂತ್ರಾಂಶ) ಅನ್ನು ಮೊದಲು ಸಿಕ್ಕ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ಗೆ ಬರೆದುಬಿಡಬಹುದು. ಮುಂದೆ ಆ ಹಾರ್ಡ್ ಡಿಸ್ಕ್ ಕೆಟ್ಟರೆ ಲಿನಕ್ಸ್ ಕೂಡ ಏಳುವುದಿಲ್ಲ. ಇನ್‌ಸ್ಟಾಲ್ ಮಾಡುವಷ್ಟು ಹೊತ್ತು ಹಾರ್ಡ್ ಡಿಸ್ಕ್‌ನ ಕೇಬಲ್ ಬಿಚ್ಚಿಡಿ.

ಅದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಎರಡು ಕೆಲಸ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ, ಬಯಾಸ್‌ನಲ್ಲಿ ಕೈಯಾಡಿಸಿದ ಮೇಲೆ ಕೇಳಬಹುದು. ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಅರೆನಿದ್ರೆಯಲ್ಲೇ ಇರುತ್ತದೆ, ಲಿನಕ್ಸ್‌ನಿಂದ ಆ ಡಿಸ್ಕ್‌ಗೆ ಬರೆಯಲಾಗದು.

ಎರಡೂ ಆದಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿ ಬೇಡ. ಲಿನಕ್ಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದ ಲೋಕಲ್ ಆರ್‌ಟಿಸಿ ಆಯ್ಕೆಗೆ 1 ಕೊಟ್ಟರೆ ಸರಿಹೋಗುತ್ತದೆ. ನಿಮ್ಮ ವಿಂಡೋಸ್ ಇಂಟರ್ನೆಟ್ ಇಲ್ಲದೆ ಓಡುವುದರಿಂದ ತಾನಾಗಿ ಸರಿಪಡಿಸಿಕೊಳ್ಳಲು ಅದಕ್ಕೆ ಬೇರೆ ದಾರಿಯಿಲ್ಲ.

ಮಂದ್ರಸ್ಥಾಯಿ:
ಧ್ವನಿಯ ಬಗ್ಗೆ ಯಾರೂ ಹೇಳಲಿಲ್ಲ. ವಿಡಿಯೊಗೆ ಮಾತು ರೆಕಾರ್ಡ್ ಮಾಡುವುದಷ್ಟೇ ಆದರೆ ಮೂರೂ ಓಎಸ್ ಒಂದೇ. ಹಾಡುತ್ತ ಹೆಡ್‌ಫೋನ್‌ನಲ್ಲಿ ತಮ್ಮದೇ ದನಿ ಕೇಳಬೇಕಾದವರಿಗೆ ವಿಳಂಬ ಮುಖ್ಯ. ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಪೈಪ್‌ವೈರ್‌ನ ಮಾಮೂಲಿ ಬಫರ್ 1024 ಸ್ಯಾಂಪಲ್. 48 ಕಿಲೋಹರ್ಟ್ಸ್‌ನಲ್ಲಿ 21 ಮಿಲಿಸೆಕೆಂಡ್, ದನಿ ಎರಡೆರಡಾಗಿ ಕೇಳಿಸುತ್ತದೆ. 256ಕ್ಕೆ ಇಳಿಸಿದರೆ 5 ಮಿಲಿಸೆಕೆಂಡ್ ಚಿಲ್ಲರೆ. ವಿಂಡೋಸ್‌ನಲ್ಲಿ ಆಡಿಯೊ ಇಂಟರ್‌ಫೇಸ್ (ಮೈಕ್ ಜೋಡಿಸುವ ಸಾಧನ) ಕಂಪನಿಯದೇ, ವಿಳಂಬ ತಗ್ಗಿಸುವ ಆಸಿಯೊ ಡ್ರೈವರ್ ಹಾಕಿಕೊಳ್ಳಿ. ಲಿನಕ್ಸ್‌ಗೆ ಕೊಳ್ಳುವಾಗ ಕ್ಲಾಸ್ ಕಂಪ್ಲಯಂಟ್ (ಪ್ರತ್ಯೇಕ ಡ್ರೈವರ್ ಬೇಡದ) ಎಂದಿರುವ ಯುಎಸ್‌ಬಿ ಇಂಟರ್‌ಫೇಸನ್ನೇ ಕೇಳಿ. ರೀಪರ್, ಆರ್ಡರ್ ಎಂಬ ರೆಕಾರ್ಡಿಂಗ್ ತಂತ್ರಾಂಶಗಳೆರಡೂ ಲಿನಕ್ಸ್‌ಗಿವೆ. ಲಾಜಿಕ್ ಮ್ಯಾಕ್‌ಗೆ ಮಾತ್ರ.

ತುಂಗಾತೀರ:
ಸದ್ಯ 500 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿಸಿ ಮಿಂಟ್‌ನಲ್ಲಿ ಶುರುಮಾಡುತ್ತೇನೆ. ವಿಡಿಯೊ ಕೆಲಸ ಹೆಚ್ಚಾದರೆ ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಮಾನಿಟರ್ ಸಮೇತ ಮ್ಯಾಕ್ ಮಿನಿ. ಕೊನೆಯ ಪ್ರಶ್ನೆ: ನುಡಿಯ ಕಗಪ ಕೀಲಿಮಣೆಗೆ ಕೈ ಕೂತಿದೆ. ಮಿಂಟ್‌ನಲ್ಲಿ ಅದು ಸಿಗುತ್ತದೆಯೆ?

ಬಯಲುಸೀಮೆ:
ಸಿಗುತ್ತದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ಕೆಳಗೆ ಕನ್ನಡ ಕಗಪ ಫೊನೆಟಿಕ್ ಎಂದೇ ಇದೆ. ಎಫ್ ಕೀಲಿಯೇ ಅರ್ಧಾಕ್ಷರದ್ದು, ಹಾಗಾಗಿ ಬೆರಳಿಗೆ ಹೊಸದಾಗಿ ಕಲಿಯುವುದೇನಿಲ್ಲ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆಗೆ ಎಂ17ಎನ್ ಹಾಕಿಕೊಂಡರೂ ಕಗಪ ಬರುತ್ತದೆ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಮೂರನ್ನೂ ಸಾಫ್ಟ್‌ವೇರ್ ಭಂಡಾರದಿಂದಲೇ ಪಡೆಯಿರಿ. ಬೇರೆ ಫಾಂಟ್‌ಗಳನ್ನು ಹೋಮ್ ಒಳಗೆ ಲೋಕಲ್, ಅದರೊಳಗೆ ಶೇರ್, ಅದರೊಳಗಿನ ಫಾಂಟ್ಸ್ ಫೋಲ್ಡರ್‌ನಲ್ಲಿಟ್ಟರೆ ಫ್ಲ್ಯಾಟ್‌ಪ್ಯಾಕ್‌ನಿಂದ ಹಾಕಿದ ಕೆಡೆನ್‌ಲೈವ್‌ಗೂ ಕಾಣುತ್ತವೆ. ಇಟ್ಟ ಮೇಲೆ ಕೆಡೆನ್‌ಲೈವ್ ಒಮ್ಮೆ ಮುಚ್ಚಿ ತೆರೆಯಬೇಕು.